ಮೂರು ತಿಂಗಳ ಮಗು, 170 ಕಿಲೋಮೀಟರ್ ಬೆಟ್ಟದ ದಾರಿ: ಸೋಫಿ ಪವರ್ ಪ್ರಕರಣ

ಆ ಫೋಟೋ ನೀವೂ ನೋಡಿರಬಹುದು. 2018ರ ಸೆಪ್ಟೆಂಬರಿನಲ್ಲಿ ಅದು ಲೋಕವೆಲ್ಲ ಸುತ್ತಿತ್ತು. ಓಟದ ಬಟ್ಟೆಯಲ್ಲೇ ಕೂತ ಹೆಂಗಸೊಬ್ಬರು ಮಗುವಿಗೆ ಹಾಲೂಡಿಸುತ್ತಿದ್ದಾರೆ. ಇನ್ನೊಂದು ಮೊಲೆಗೆ ಹಾಲು ತೆಗೆಯುವ ಪಂಪು ಹಿಡಿದಿದ್ದಾರೆ. ಪಕ್ಕದಲ್ಲೇ ಇನ್ನೊಬ್ಬ ಓಟಗಾರ, ಗಂಡಸು, ಸುಸ್ತಾಗಿ ಮಲಗಿಬಿಟ್ಟಿದ್ದಾನೆ. ಫೋಟೋ ತೆಗೆದವರು ಅಲೆಕ್ಸಿ ಬರ್ಗ್. ಹೆಂಗಸಿನ ಹೆಸರು ಸೋಫಿ ಪವರ್, ಬ್ರಿಟನ್ನಿನವರು. ಆಗ 36 ವರ್ಷ. ಮಗುವಿಗೆ ಮೂರು ತಿಂಗಳು. ಜಾಗ ಇಟಲಿಯ ಕುರ್ಮಾಯೋರ್, ಆಲ್ಪ್ಸ್ ಬೆಟ್ಟಗಳ ಮಡಿಲಲ್ಲಿರುವ ಒಂದು ಸಣ್ಣ ಊರು. 170 ಕಿಲೋಮೀಟರ್ ಬೆಟ್ಟದ ಓಟವೊಂದರ ನಡುವಿನ ತಂಗುದಾಣ ಅಲ್ಲಿತ್ತು.

ನೋಡಿದವರು ಎರಡು ಗುಂಪಾದರು. ಒಂದು ಗುಂಪು 'ಅಬ್ಬಾ, ತಾಯಿ ಅಂದರೆ ಹೀಗಿರಬೇಕು' ಅಂತು. ಇನ್ನೊಂದು 'ಇದೆಂಥ ಹುಚ್ಚು, ಮಗುವನ್ನು ಬಿಟ್ಟು ಓಡುವುದೇ' ಅಂತು. ನನಗೆ ಎರಡೂ ಸರಿ ಅನ್ನಿಸುವುದಿಲ್ಲ. ಈ ಪ್ರಕರಣವನ್ನು ತಾಯಿಯ ಛಲದ ಕಥೆಯಾಗಿ ಹೇಳಿಬಿಟ್ಟರೆ ಮುಖ್ಯವಾದ ವಿಷಯವೇ ತಪ್ಪಿಹೋಗುತ್ತದೆ. ಆಕೆ ಹೆರಿಗೆಯಾದ ಮೂರೇ ತಿಂಗಳಿಗೆ ಅಲ್ಲಿಗೆ ಬರುವಂತಾಗಿದ್ದಕ್ಕೆ ಕಾರಣ ಒಂದು ನಿಯಮ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಇಲ್ಲದಿದ್ದ ಒಂದು ನಿಯಮ.

ಓಟ ಎಂಥದ್ದು

ಯುಟಿಎಂಬಿ ಅಂತ ಕರೆಯುವ ಈ ಓಟ ಶುರುವಾಗಿದ್ದು 2003ರಲ್ಲಿ. ಮೋಂ ಬ್ಲಾಂ ಪರ್ವತಕ್ಕೆ ಒಂದು ಪೂರ್ತಿ ಸುತ್ತು. ಫ್ರಾನ್ಸಿನ ಶಮೋನಿಯಲ್ಲಿ ಹೊರಟು, ಇಟಲಿಗೆ ಇಳಿದು, ಸ್ವಿಟ್ಜರ್ಲೆಂಡ್ ಹಾದು, ಮತ್ತೆ ಶಮೋನಿಗೆ. ಸುಮಾರು 170 ಕಿಲೋಮೀಟರ್. ನಾಲ್ಕು ಮ್ಯಾರಥಾನಿನಷ್ಟು ದೂರ. ಹತ್ತುವ ಎತ್ತರವನ್ನೆಲ್ಲ ಕೂಡಿದರೆ ಹತ್ತಿರ ಹತ್ತಿರ 10,000 ಮೀಟರ್. ಎರಡೂವರೆ ಸಾವಿರ ಮೀಟರ್ ಎತ್ತರದ ಕಣಿವೆ ದಾರಿಗಳನ್ನು ದಾಟಬೇಕು. 46 ಗಂಟೆ 30 ನಿಮಿಷದ ಒಳಗೆ ಮುಗಿಸಬೇಕು.

ಆ ವರ್ಷ ಓಟ ಹೊರಟಿದ್ದು ಆಗಸ್ಟ್ 31ರ ಶುಕ್ರವಾರ, ಸಂಜೆ ಆರಕ್ಕೆ. ಮಳೆ, ಚಳಿ. ಮೊದಲು ಬಂದ ಗ್ಸಾವಿಯೇ ತೆವೆನಾರ್ 20 ಗಂಟೆ 44 ನಿಮಿಷದಲ್ಲಿ ಮುಗಿಸಿದರು. ಹೆಂಗಸರಲ್ಲಿ ಮೊದಲಿಗರಾದ ಫ್ರಾಂಚೆಸ್ಕಾ ಕನೇಪಾ ಅವರಿಗೆ 26 ಗಂಟೆ ಹಿಡಿಯಿತು. ಸೋಫಿ ಮುಗಿಸಿದ್ದು 43 ಗಂಟೆ 33 ನಿಮಿಷಕ್ಕೆ. ಅಂದರೆ ಭಾನುವಾರ ಮಧ್ಯಾಹ್ನ, ಬಾಗಿಲು ಮುಚ್ಚುವುದಕ್ಕೆ ಮೂರು ಗಂಟೆ ಮುಂಚೆ.

ಈ ಲೆಕ್ಕವನ್ನು ಟೀಕೆ ಮಾಡಿದವರು ಮಾಡಿಯೇ ಇರಲಿಲ್ಲ. 170 ಕಿಲೋಮೀಟರನ್ನು 43 ಗಂಟೆಗೆ ಭಾಗಿಸಿ ನೋಡಿ. ಗಂಟೆಗೆ ನಾಲ್ಕು ಕಿಲೋಮೀಟರೂ ಆಗುವುದಿಲ್ಲ. ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಕಾಣುವ ಅಜ್ಜಂದಿರು ಇದಕ್ಕಿಂತ ಜೋರಾಗಿ ನಡೆಯುತ್ತಾರೆ. ಇಂಥ ಓಟಗಳಲ್ಲಿ ಮಧ್ಯದ ಗುಂಪಿನವರು ಏರುದಾರಿಯಲ್ಲಿ ಓಡುವುದೇ ಇಲ್ಲ, ಕೋಲು ಊರಿಕೊಂಡು ಹತ್ತುತ್ತಾರೆ. ಸೋಫಿ ಕೂಡ ಈ ಸಲ ಪೈಪೋಟಿಗೆ ಬಂದಿರಲಿಲ್ಲ. ಉಸಿರು ಏರದ ಹಾಗೆ, ಮೈಮೇಲೆ ಭಾರ ಹಾಕದೆ ಮುಗಿಸುವುದಷ್ಟೇ ಲೆಕ್ಕ. ಸುಲಭವಾಗಿತ್ತು ಅಂತ ಇದರ ಅರ್ಥವಲ್ಲ. ಎರಡು ರಾತ್ರಿ ಬೆಟ್ಟದಲ್ಲಿ ಕಳೆಯುವುದು ಸುಲಭವಾದ್ದೇನೂ ಅಲ್ಲ. ಆದರೆ 'ಬಾಣಂತಿ ಜೀವ ಒತ್ತೆಯಿಟ್ಟು ಓಡಿದಳು' ಅನ್ನುವ ಚಿತ್ರ ಮಾತ್ರ ತಪ್ಪು.

2014ರಲ್ಲಿ ಆಗಿದ್ದು

ಕಥೆ ಶುರುವಾಗುವುದು ನಾಲ್ಕು ವರ್ಷ ಹಿಂದೆ. ಯುಟಿಎಂಬಿಗೆ ದುಡ್ಡು ಕಟ್ಟಿದ ಕೂಡಲೇ ಯಾರೂ ಸೇರಿಸಿಕೊಳ್ಳುವುದಿಲ್ಲ. ಮೊದಲು ಬೇರೆ ಬೇರೆ ಬೆಟ್ಟದ ಓಟಗಳನ್ನು ಮುಗಿಸಿ ಅರ್ಹತೆ ಗಳಿಸಬೇಕು. ಆಮೇಲೂ ಲಾಟರಿ. ಹೆಸರು ಬಂದರೆ ಪುಣ್ಯ, ಬರದಿದ್ದರೆ ಮುಂದಿನ ವರ್ಷ. ಒಂದು ಸೀಟು ಅಂದರೆ ಕೆಲವು ವರ್ಷಗಳ ಬೆವರು.

2014ರ ಓಟಕ್ಕೆ ಸೋಫಿಗೆ ಸೀಟು ಸಿಕ್ಕಿತ್ತು. ಅಷ್ಟರಲ್ಲಿ ಮೊದಲ ಮಗುವಿನ ಬಸಿರು. ಈ ಸೀಟನ್ನು ಮುಂದಿನ ವರ್ಷಕ್ಕೆ ಹಾಕಿಕೊಡಿ ಅಂತ ಕೇಳಿದರು. ಆಗುವುದಿಲ್ಲ ಅನ್ನುವ ಉತ್ತರ ಬಂತು. ಕಾಲು ಮುರಿದುಕೊಂಡವರಿಗೆ ಆ ಸೌಲಭ್ಯ ಇತ್ತು, ಬಸುರಿಗೆ ಇರಲಿಲ್ಲ. ಬಸಿರು ಅವರವರ ಆಯ್ಕೆ, ಗಾಯ ಹಾಗಲ್ಲ ಅನ್ನುವುದು ಆಗಿನ ತರ್ಕ. ಸೀಟು ಹೋಯಿತು.

ಈ ತರ್ಕದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಮಗು ಬೇಕು ಅಂತ ಗಂಡ ಹೆಂಡತಿ ಇಬ್ಬರೂ ಸೇರಿಯೇ ತೀರ್ಮಾನ ಮಾಡಿರುತ್ತಾರೆ. ಆದರೆ ಇಬ್ಬರಿಗೂ ಸೀಟಿದ್ದರೆ ಗಂಡನ ಸೀಟು ಹಾಗೇ ಉಳಿಯುತ್ತದೆ, ಹೆಂಡತಿಯದು ಮಾತ್ರ ಹೋಗುತ್ತದೆ. ನಿಯಮ ಬರೆದವರು ಹೆಂಗಸರ ಮೇಲೆ ಹಗೆ ಸಾಧಿಸಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಬರೆಯುವಾಗ ಅವರ ಕಣ್ಣ ಮುಂದೆ ಇದ್ದಿದ್ದು ಗಂಡಸು ಓಟಗಾರ, ಅಷ್ಟೇ. ಆ ಓಟದಲ್ಲಿ ಹೆಂಗಸರ ಸಂಖ್ಯೆ ಮೊದಲಿಂದಲೂ ತೀರಾ ಕಡಿಮೆ. ಕಡಿಮೆ ಇರುವುದರಿಂದ ನಿಯಮ ಬರುವುದಿಲ್ಲ, ನಿಯಮ ಇಲ್ಲದ್ದರಿಂದ ಸಂಖ್ಯೆ ಏರುವುದಿಲ್ಲ.

2018ಕ್ಕೆ ಮತ್ತೆ ಸೀಟು ಸಿಕ್ಕಿತು. ಈ ಸಲವೂ ಹೊಟ್ಟೆಯಲ್ಲಿ ಮಗು, ಎರಡನೆಯದು. ಹೆರಿಗೆಗೂ ಓಟಕ್ಕೂ ನಡುವೆ ಮೂರು ತಿಂಗಳು. ಮುಂದೂಡಲು ಅವಕಾಶ ಈಗಲೂ ಇಲ್ಲ. ಇನ್ನೊಂದು ಸಲ ಕೈಬಿಟ್ಟರೆ ಮತ್ತೆ ಅರ್ಹತೆ, ಮತ್ತೆ ಲಾಟರಿ, ಮನೆಯಲ್ಲಿ ಎರಡು ಮಕ್ಕಳು. ಆಕೆ ಹೊರಟರು. ಆ ದಿನ ತಾನು ಓಟ ಶುರುವಾಗುವ ಗೆರೆಯ ಹಿಂದೆ ನಿಲ್ಲುವಂತಾಗಬಾರದಿತ್ತು ಅನ್ನುವ ಮಾತನ್ನು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಹಾಡಿ ಹೊಗಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಹದಿನಾರು ಗಂಟೆ

ಶಮೋನಿಯಿಂದ ಕುರ್ಮಾಯೋರಿಗೆ ಕಾರಿನಲ್ಲಿ ಹೋದರೆ ಬೆಟ್ಟದ ಹೊಟ್ಟೆಯೊಳಗಿನ ಸುರಂಗ ಹಾದು ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಬೆಟ್ಟದ ಮೇಲಿನಿಂದ ಬರುವ ಸೋಫಿಗೆ 80 ಕಿಲೋಮೀಟರ್, ಇಡೀ ರಾತ್ರಿ, ಹದಿನಾರು ಗಂಟೆ. ಮೂರು ಗಂಟೆಗೊಮ್ಮೆ ಹಾಲು ಕುಡಿಯುವ ಮಗು ಅದು. ಓಟ ಶುರುವಾದ ಮೇಲೆ ತಾಯಿ ಮೊದಲ ಸಲ ಹಾಲೂಡಿಸಿದ್ದು ಕುರ್ಮಾಯೋರಿನಲ್ಲೇ, ಶನಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ.

ಹೆತ್ತವರಿಗೆ ಗೊತ್ತು, ಹಾಲು ಇಳಿಯುವುದಕ್ಕೆ ಓಟದ ವೇಳಾಪಟ್ಟಿ ತಿಳಿಯುವುದಿಲ್ಲ. ಎಷ್ಟು ಕುಡಿಸಿದರೆ ಅಷ್ಟು ಉತ್ಪತ್ತಿ, ಇದು ಮೈಯ ಲೆಕ್ಕ. ಕುಡಿಸದೆ ಬಿಟ್ಟರೆ ಮೊದಲು ಬಿಗಿತ, ಆಮೇಲೆ ಕಲ್ಲಿನಂತೆ ಗಟ್ಟಿಯಾಗಿ ನೋವು. ಹಾಗೇ ಬಿಟ್ಟರೆ ಕಟ್ಟಿಕೊಂಡು ಬಾವು, ಜ್ವರ. ಜಾಸ್ತಿ ದಿನ ಹೀಗೇ ಆದರೆ ಹಾಲೇ ಕಡಿಮೆಯಾಗುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಆಕೆ ಕೈಯಲ್ಲೇ ಹಿಂಡಿ ತೆಗೆಯುತ್ತಾ ಬಂದರು. ಕತ್ತಲು, ಮಳೆ, ತಲೆಗೆ ಕಟ್ಟಿದ ದೀಪ, ಹಿಂದೆ ಮುಂದೆ ಜನ. ಹಿಂಡಿದ ಹಾಲನ್ನು ಸುಮಾರು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು ಅನ್ನುತ್ತಾರೆ. ಬೆನ್ನಿನ ಚೀಲದಲ್ಲಿ ಫ್ರಿಡ್ಜ್ ಇರುವುದಿಲ್ಲವಲ್ಲ. ಅಲ್ಲೇ ಚೆಲ್ಲುವುದು.

ಕುರ್ಮಾಯೋರಿನಲ್ಲಿ ಗಂಡ ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದರು. ಮಗುವಿಗೆ ಹಸಿವಾಗಿತ್ತು. ಆಕೆಗೆ ಅದೇ ದೊಡ್ಡ ಸಮಾಧಾನ. ಮಗು ಮಲಗಿಬಿಟ್ಟಿದ್ದರೆ, ಇಲ್ಲ ಹೊಟ್ಟೆ ತುಂಬಿದ್ದರೆ, ಭಾರ ಇಳಿಸಿಕೊಳ್ಳುವುದು ಹೇಗೆ? ಫೋಟೋದಲ್ಲಿ ನಮಗೆ ಕಾಣುವುದು ಮಮತೆ. ಆ ಗಳಿಗೆಯಲ್ಲಿ ಆಕೆಗೆ ಅದು ಒಂದು ಕೆಲಸ ಕೂಡ. ಒಂದು ಕಡೆ ಮಗು, ಇನ್ನೊಂದು ಕಡೆ ಪಂಪು, ಗಡಿಯಾರದ ಮೇಲೆ ಕಣ್ಣು.

ಊಟದ ಮಾತೂ ಇದೆ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಅನ್ನುತ್ತದೆ ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅದು ಮನೆಯಲ್ಲಿ ಕೂತಿರುವವರ ಲೆಕ್ಕ. ಬೆಟ್ಟ ಹತ್ತುವ ಖರ್ಚು ಬೇರೆ. ನೀರೂ ಅಷ್ಟೇ. ಬೇರೆಯವರಿಗೆ ಊಟ ತಪ್ಪಿದರೆ ಕಾಲು ಸೋಲುತ್ತದೆ, ಇಲ್ಲಿ ಕಾಲಿನ ಜೊತೆಗೆ ಹಾಲಿಗೂ ಪೆಟ್ಟು.

ಮನೆ ಹೇಗೆ ನಡೆಯಿತು

ಮನೆ ಸಂಸಾರ ತೂಗಿಸಿಕೊಂಡು ಓಡುವುದು ಹೇಗೆ ಅಂತ ಕೇಳುವವರಿಗೆ ಈ ಪ್ರಕರಣದಲ್ಲಿ ಕಲಿಯುವುದು ಇದೆ. ಆದರೆ ಅದು ಫೋಟೋದ ಹೊರಗಿದೆ. ಆ ಎರಡು ದಿನ ಮಗುವಿನ ಪೂರ್ತಿ ಹೊಣೆ ಗಂಡನದು. 'ಹೆಲ್ಪ್ ಮಾಡ್ತಾನೆ' ಅನ್ನುವ ಲೆಕ್ಕ ಅಲ್ಲ. ಮಗು ಅಷ್ಟು ಹೊತ್ತು ತಾಯಿಯಿಲ್ಲದೆ ಇರಬೇಕಾದರೆ ಬಾಟಲಿಯ ರೂಢಿ ವಾರಗಳ ಮುಂಚೆಯೇ ಆಗಿರಬೇಕು. ಯಾವಾಗ ಮಲಗುತ್ತದೆ, ಎದ್ದರೆ ಏನು, ಬಟ್ಟೆ ಎಲ್ಲಿದೆ ಅನ್ನುವುದೆಲ್ಲ ಅಪ್ಪನಿಗೆ ತಾಯಿಯಷ್ಟೇ ಗೊತ್ತಿರಬೇಕು. ಈ ಓಟದಲ್ಲಿ ಸಹಾಯಕರನ್ನು ಒಳಗೆ ಬಿಡುವುದು ಕೆಲವೇ ತಂಗುದಾಣಗಳಲ್ಲಿ. ಹೆಂಡತಿ ಎಷ್ಟು ಹೊತ್ತಿಗೆ ತಲುಪಬಹುದು ಅಂತ ಅಂದಾಜು ಹಾಕಿ, ಹಸಿದ ಮಗುವನ್ನು ಆ ಹೊತ್ತಿಗೆ ಅಲ್ಲಿಗೆ ತಲುಪಿಸುವುದು ಕೂಡ ಒಂದು ಓಟವೇ. ಅದಕ್ಕೆ ಪದಕ ಇಲ್ಲ, ಫೋಟೋವೂ ಇಲ್ಲ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆಲ್ಪ್ಸ್ ತನಕ ಸಂಸಾರ ಕಟ್ಟಿಕೊಂಡು ಹೋಗಿ, ಹೋಟೆಲಿನಲ್ಲಿ ಉಳಿದು ಓಡುವುದು ಎಲ್ಲರ ಕೈಗೆ ಎಟುಕುವುದಿಲ್ಲ. ದುಡ್ಡು, ರಜೆ, ಒಪ್ಪುವ ಗಂಡ, ಮೂರೂ ಇರಬೇಕು. ಒಂದು ತಪ್ಪಿದರೂ ಛಲ ಎಷ್ಟಿದ್ದರೂ ಸಾಲದು.

ಮೈ ಸಿದ್ಧವಿತ್ತೇ ಅನ್ನುವ ಪ್ರಶ್ನೆಯೂ ನ್ಯಾಯವಾದದ್ದೇ. ಹೆರಿಗೆಯಾದ ಮೇಲೆ ಓಟಕ್ಕೆ ಮರಳುವುದರ ಬಗ್ಗೆ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ಒಂದು ಮಾರ್ಗಸೂಚಿ ತಂದರು. ಮೂರು ತಿಂಗಳ ಮೊದಲು ಓಟ ಬೇಡ, ಆಮೇಲೂ ಒಬ್ಬೊಬ್ಬರ ಮೈ ನೋಡಿ ಅನ್ನುತ್ತದೆ ಅದು. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಹೆರಿಗೆಯಲ್ಲಿ ಜಗ್ಗಿರುತ್ತವೆ. ಅವು ಗಟ್ಟಿಯಾಗಬೇಕು. ಹಾರಿದಾಗ, ಕೆಮ್ಮಿದಾಗ ಮೂತ್ರ ಸೋರುವುದು, ಕೆಳಗೆ ಏನೋ ಜಾರಿದ ಹಾಗೆ ಭಾರವೆನಿಸುವುದು ಇದ್ದರೆ ಓಟ ನಿಲ್ಲಿಸಿ ತೋರಿಸಿಕೊಳ್ಳಬೇಕು. ಮೂರು ತಿಂಗಳಿಗೆ ಓಟ ಶುರು ಮಾಡಬಹುದು ಅಂತ ಆ ಕಾಗದ ಹೇಳುವುದು. ಮೂರು ತಿಂಗಳಿಗೆ 170 ಕಿಲೋಮೀಟರ್ ಅಂತಲ್ಲ! ವರ್ಷಗಟ್ಟಲೆ ದೂರದ ಓಟ ಓಡಿದ್ದ ಮೈ ಅದು. ನಮ್ಮ ನಿಮ್ಮ ಮೈಗೆ ಅಳತೆಗೋಲು ಆಗುವುದಿಲ್ಲ.

ನಮ್ಮ ಕಡೆಯ ಕಣ್ಣಿನಲ್ಲಿ

ನಮ್ಮಲ್ಲಿ ಮೂರು ತಿಂಗಳ ಬಾಣಂತಿ ಅಂದರೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹಂಡೆ ತುಂಬ ಬಿಸಿನೀರು, ಮೆಣಸಿನ ಸಾರು. ಹೊಸಲು ದಾಟಿದರೆ 'ಶೀತ ಆಗುತ್ತೆ ಕಣೇ' ಅನ್ನುವ ಅಜ್ಜಿ. ಈ ಫೋಟೋ ಆ ಅಜ್ಜಿಗೆ ತೋರಿಸಿದರೆ ಏನನ್ನುತ್ತಾರೋ! ಆದರೆ ಅದೇ ಊರಿನಲ್ಲಿ ಕೂಲಿಗೆ ಹೋಗುವ ಬಾಣಂತಿಯರು ಗದ್ದೆ ಬದಿಯ ಮರಕ್ಕೆ ಸೀರೆಯ ಜೋಲಿ ಕಟ್ಟಿ, ನಾಟಿಯ ನಡುವೆ ಎದ್ದು ಬಂದು ಹಾಲು ಕೊಟ್ಟು ಹೋಗುತ್ತಿದ್ದರು. ಕಟ್ಟಡದ ಕೆಲಸದ ಜಾಗಗಳಲ್ಲಿ ಇವತ್ತಿಗೂ ಮರಳಿನ ರಾಶಿ ಪಕ್ಕ ಜೋಲಿ ಕಾಣುತ್ತದೆ. ಅವರನ್ನು ಯಾರೂ ವೀರಮಾತೆ ಅನ್ನಲಿಲ್ಲ, ಹೊಣೆಗೇಡಿ ಅಂತಲೂ ಅನ್ನಲಿಲ್ಲ. ಹೊಟ್ಟೆಪಾಡಿಗೆ ದುಡಿದರೆ ಪ್ರಶ್ನೆಯಿಲ್ಲ, ತನಗಾಗಿ ಎರಡು ದಿನ ತೆಗೆದುಕೊಂಡರೆ ಮಾತ್ರ ಪ್ರಶ್ನೆ. ನನಗೆ ಈ ಪ್ರಕರಣದಲ್ಲಿ ಚುಚ್ಚುವುದು ಇದೇ.

ನಿಯಮದ ವಿಷಯದಲ್ಲಿ ನಾವು ಕಾಗದದ ಮೇಲೆ ಹಿಂದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ, ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕು ಅಂತಿತ್ತು. 2017ರ ತಿದ್ದುಪಡಿಯಲ್ಲಿ ರಜೆ 26 ವಾರ ಆಯಿತು, 50 ಜನಕ್ಕಿಂತ ಕಡಿಮೆ ಇಲ್ಲದ ಕಡೆ ಶಿಶುಪಾಲನೆಯ ಜಾಗವೂ ಬೇಕು ಅಂತಾಯಿತು. ಆದರೆ ಬಿಡುವಿನಲ್ಲಿ ಕೂತುಕೊಳ್ಳಲು ಒಂದು ಬಾಗಿಲಿರುವ ಕೋಣೆ ಎಷ್ಟು ಕಡೆ ಇದೆ? ಓಟದ ತಂಗುದಾಣದಲ್ಲೂ ಇದೇ ಪ್ರಶ್ನೆ. ಸೋಫಿ ಎಲ್ಲರ ನಡುವೆ ಕೂತು ಹಾಲೂಡಿಸಿದರು. ಅವರಿಗೆ ಅದರಿಂದ ಮುಜುಗರ ಆಗಲಿಲ್ಲ. ಎಲ್ಲರಿಗೂ ಹಾಗಿರುವುದಿಲ್ಲ.

ಆಮೇಲೆ ಬದಲಾಗಿದ್ದು

ಫೋಟೋ ಹರಡಿದ ಮೇಲೆ ಸೋಫಿ ಅದರಿಂದ ಸಿಕ್ಕ ಹೆಸರನ್ನು ನಿಯಮದ ಕಡೆಗೆ ತಿರುಗಿಸಿದರು. ಈ ಪ್ರಕರಣದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು, ಓಟಕ್ಕಿಂತಲೂ. ಯುಟಿಎಂಬಿ ತನ್ನ ನಿಯಮ ಬದಲಿಸಿತು. ಬಸುರಿಯರಿಗೆ ಕಟ್ಟಿದ ದುಡ್ಡು ವಾಪಸ್, ಆಮೇಲೆ ಓಡಲು ಸೀಟು. 2023ರ ಹೊತ್ತಿಗೆ ಅದು ಇನ್ನೂ ಹಿಗ್ಗಿ, ಹೆರದ ಸಂಗಾತಿಗೂ, ದತ್ತು ತೆಗೆದುಕೊಳ್ಳುವವರಿಗೂ ಮುಂದೂಡುವ ಅವಕಾಶ ಬಂತು. ರಸ್ತೆ ಮ್ಯಾರಥಾನ್‌ಗಳೂ ಅದೇ ಹಾದಿ ಹಿಡಿದವು. ಬಾಸ್ಟನ್ ಮ್ಯಾರಥಾನ್ 2023ರ ಓಟದಿಂದ ಬಸುರಿ ಬಾಣಂತಿಯರಿಗೆ ಮುಂದೂಡುವ ವ್ಯವಸ್ಥೆ ಮಾಡಿತು. ಲಂಡನ್ ಮ್ಯಾರಥಾನ್ ಮೂರು ವರ್ಷದವರೆಗೆ ಸೀಟು ಕಾದಿಡುವ ನಿಯಮ ತಂದಿತು.

ಸೋಫಿ 2022ರಲ್ಲಿ ಷೀರೇಸಸ್ ಅನ್ನುವ ಸಂಸ್ಥೆ ಕಟ್ಟಿದರು. ಓಟ ನಡೆಸುವವರಿಗೆ ಅದು ಹೇಳುವುದು ಬಲು ಸಾದಾ ವಿಷಯಗಳು. ಬಸುರಿಗೆ ಮುಂದೂಡುವ ಅವಕಾಶ ಕೊಡಿ. ಹೆಂಗಸರಿಗೆ ಸಾಕಷ್ಟು ಶೌಚಾಲಯ ಇಡಿ, ಅಲ್ಲಿ ಮುಟ್ಟಿನ ಪ್ಯಾಡು ಇರಲಿ. ಟೀಶರ್ಟು ಹೆಂಗಸರ ಅಳತೆಗೂ ಇರಲಿ. ಇದನ್ನೆಲ್ಲ ಹೇಳಿಸಿಕೊಳ್ಳಬೇಕಾಯಿತಲ್ಲ ಅಂತ ಅನ್ನಿಸುತ್ತದೆ, ಅಲ್ವಾ? ಮೂರನೆಯ ಮಗುವಾದ ಮೇಲೂ ಅವರು ಓಡುತ್ತಲೇ ಇದ್ದಾರೆ. 2024ರಲ್ಲಿ ಐರ್ಲೆಂಡನ್ನು ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ 3 ದಿನ 12 ಗಂಟೆಯಲ್ಲಿ ಓಡಿ ಹೆಂಗಸರ ದಾಖಲೆ ಮಾಡಿದರು.

ಇದೇ ಹೊತ್ತಿನ ಇನ್ನೆರಡು ಉದಾಹರಣೆ ಪಕ್ಕಕ್ಕಿಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2019ರ ಜನವರಿಯಲ್ಲಿ ಬ್ರಿಟನ್ನಿನ ಜಾಸ್ಮಿನ್ ಪ್ಯಾರಿಸ್ 268 ಮೈಲಿಯ ಸ್ಪೈನ್ ರೇಸನ್ನು 83 ಗಂಟೆ 12 ನಿಮಿಷದಲ್ಲಿ ಮುಗಿಸಿ, ಗಂಡಸರನ್ನೂ ಹಿಂದೆ ಹಾಕಿ ಗೆದ್ದರು. ಹಳೆಯ ದಾಖಲೆಗಿಂತ 12 ಗಂಟೆ ಕಡಿಮೆ. ಮನೆಯಲ್ಲಿ 14 ತಿಂಗಳ ಮಗಳು. ತಂಗುದಾಣಗಳಲ್ಲಿ ಹಾಲು ತೆಗೆದಿಡುತ್ತಾ ಓಡಿದರು. ಒಂದು ವರ್ಷ ಕಳೆದ ಮೈ, ಬೇರೆ ಊಟ ತಿನ್ನುವ ಮಗು. ಮೂರು ತಿಂಗಳಿಗೂ ಹದಿನಾಲ್ಕು ತಿಂಗಳಿಗೂ ಇರುವ ಅಂತರ ಎಂಥದ್ದು ಅಂತ ಇಲ್ಲಿ ಕಾಣುತ್ತದೆ.

ಇನ್ನೊಬ್ಬರು ಅಮೆರಿಕದ ಕಾರಾ ಗೌಚರ್, ವೃತ್ತಿಪರ ಮ್ಯಾರಥಾನ್ ಓಟಗಾರ್ತಿ. ಮತ್ತೆ ಸ್ಪರ್ಧೆಗೆ ಇಳಿಯುವ ತನಕ ಪ್ರಾಯೋಜಕರ ಸಂಬಳ ಇಲ್ಲ. ಮಗ ಹುಟ್ಟಿದ ಮೂರು ತಿಂಗಳಿಗೇ ಹಾಫ್ ಮ್ಯಾರಥಾನ್ ನಿಗದಿ ಮಾಡಿಕೊಳ್ಳಬೇಕಾಯಿತು. ಆ ನಡುವೆ ಮಗು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿತು, ಅಮ್ಮನಿಗೆ ತರಬೇತಿ ಬಿಡಲಾಗಲಿಲ್ಲ. 2011ರ ಬಾಸ್ಟನ್ ಮ್ಯಾರಥಾನಿನಲ್ಲಿ ಐದನೆಯವರಾಗಿ ಬಂದರು. ನೋಡುವವರಿಗೆ ಅದು ಸಂಭ್ರಮದ ಸುದ್ದಿ. ಒಳಗಿನ ಸಂಕಟವನ್ನು ಅವರು ಬಹಿರಂಗವಾಗಿ ಹೇಳಿಕೊಂಡಿದ್ದು 2019ರಲ್ಲಿ. ಅದೇ ವರ್ಷ ದೊಡ್ಡ ಶೂ ಕಂಪನಿಗಳು ಒಪ್ಪಂದದ ನಿಯಮ ಬದಲಿಸಿದವು. ಸೋಫಿ ದುಡ್ಡಿಗೆ ಓಡಿದವರಲ್ಲ, ಕಾರಾಗೆ ಓಟವೇ ಅನ್ನ. ಇಬ್ಬರೂ ಬೇಗ ಮರಳಿದ್ದು ಮಾತ್ರ ಬೇರೆ ದಾರಿ ಇಲ್ಲದ್ದಕ್ಕೆ.

ಓಡುವ ಅಪ್ಪಂದಿರ ಮಾತು ಇಲ್ಲಿ ಬಂದೇ ಇಲ್ಲ ಅಂತ ನಿಮಗೆ ಅನ್ನಿಸಿರಬಹುದು. ಆ ರಾತ್ರಿ ಸೋಫಿಯ ಹಿಂದೆ ಮುಂದೆ ಓಡಿದ ಗಂಡಸರಲ್ಲಿ ಎಳೆ ಮಕ್ಕಳ ಅಪ್ಪಂದಿರು ಇರದೇ ಇದ್ದಾರೆಯೇ? ಅವರ ಮಕ್ಕಳು ಯಾರ ಹತ್ತಿರ ಇವೆ ಅಂತ ಯಾರೂ ಕೇಳಲಿಲ್ಲ. ಸಂಗಾತಿಗೂ ಮುಂದೂಡುವ ಅವಕಾಶ ಕೊಟ್ಟ ನಿಯಮ ಇದೇ ಕಾರಣಕ್ಕೆ ನನಗೆ ದೊಡ್ಡದಾಗಿ ಕಾಣುತ್ತದೆ. ಹೆಂಡತಿ ಹೆತ್ತ ತಿಂಗಳಲ್ಲಿ ಗಂಡ 'ಸೀಟು ಹೋಗುತ್ತೆ' ಅಂತ ಬ್ಯಾಗು ಕಟ್ಟುವ ನೆವ ಅಲ್ಲಿಗೆ ಮುಗಿಯಿತು.

ನೀವು ಬೆಂಗಳೂರಿನದೋ ಮುಂಬೈಯದೋ ಓಟಕ್ಕೆ ಹೆಸರು ಕೊಡುವ ಮುಂಚೆ, ಮನೆಯಲ್ಲಿ ಮಗುವಿನ ಯೋಚನೆ ಇದ್ದರೆ, ನಿಯಮಗಳ ಪುಟ ಪೂರ್ತಿ ಓದಿ. ಬಸಿರಿಗೆ ಮುಂದೂಡಬಹುದೇ, ದುಡ್ಡು ವಾಪಸ್ ಬರುತ್ತದೆಯೇ, ಸಂಗಾತಿಗೂ ಅನ್ವಯವೇ ಅಂತ ನೋಡಿ. ಬರೆದಿಲ್ಲದಿದ್ದರೆ ಇಮೇಲ್ ಮಾಡಿ ಕೇಳಿ. ಓಟದ ದಿನ ಹಾಲೂಡಿಸಲು ಮುಚ್ಚಿದ ಜಾಗ ಇದೆಯೇ, ಶುರುವಿನ ಗೆರೆಗೆ ಎಷ್ಟು ಮುಂಚೆ ಹೋಗಿ ನಿಲ್ಲಬೇಕು, ನಡುವೆ ಮಗುವನ್ನು ಕರೆತರಲು ರಸ್ತೆ ತೆರೆದಿರುತ್ತದೆಯೇ ಅನ್ನುವುದನ್ನೂ ಅದೇ ಪತ್ರದಲ್ಲಿ ಸೇರಿಸಿ. ಮಗುವಿನ ಯೋಚನೆ ಇಲ್ಲದವರು, ಗಂಡಸರು ಕೂಡ ಇದನ್ನು ಕೇಳಬಹುದು. ಒಂದೇ ಪ್ರಶ್ನೆ ನಾಲ್ಕಾರು ಜನರಿಂದ ಹೋದರೆ ಮುಂದಿನ ವರ್ಷದ ಅರ್ಜಿಯಲ್ಲಿ ಒಂದು ಸಾಲು ಸೇರುವ ಸಾಧ್ಯತೆ ಜಾಸ್ತಿ.